ಬೆನ್ನಿಗೆ ಕೈ ಬೀಳುವವರೆಗೆ

ಶ್ರಾವ್ಯಾ ಕುರ್ಚಿಯ ಮೇಲೆ ಕೂತದ್ದನ್ನು ನಾನು ನೋಡಿದ್ದು ಕಡಿಮೆ. ನಮ್ಮ ಮನೆಗೆ ಬಂದರೆ, ಕುರ್ಚಿ, ದಿವಾನ ಎಲ್ಲ ಖಾಲಿ ಇದ್ದರೂ, ಅವಳು ನೆಲದ ಮೇಲೆ ತುದಿಗಾಲಿನಲ್ಲಿ ಕುಕ್ಕರಗಾಲು ಹಾಕಿ, ಕೈಬೆರಳುಗಳನ್ನು ಫರಸಿಗೆ ಊರಿ, ಮುಂದಕ್ಕೆ ಬಾಗಿ ಕೂರುತ್ತಿದ್ದಳು. ಲಿಫ್ಟಿಗೆ ಕಾಯುವಾಗಲೂ ಹಾಗೆಯೇ. ಯಾವ ಗಳಿಗೆಯಲ್ಲಾದರೂ ಎದ್ದು ಓಡಬೇಕಾದೀತು ಎನ್ನುವಂತೆ.

“ಯಾಕವಾ, ಬೆನ್ನಹಿಂದ ನಾಯಿ ಬಂದೈತೇನು? ಸರಿಯಾಗಿ ಕುಂಡ್ರು” ಎಂದರೆ, “ಆದತ್ ಹೋ ಗಯೀ, ಆಜಿ” ಎನ್ನುತ್ತಿದ್ದಳು, ರೂಢಿಯಾಗಿಬಿಟ್ಟಿದೆ ಎಂದು.

ಡೊಂಬಿವ್ಲಿಯ ನಮ್ಮ ಕಟ್ಟಡದಲ್ಲಿ ಅವಳದು ನಮ್ಮ ಮೇಲಿನ ಮನೆ. ತಂದೆ ಕಲ್ಯಾಣದ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ತಾಯಿ ಉಡುಪಿ ಕಡೆಯವಳು. ಮನೆಯೊಳಗೆ ತುಳು, ಶಾಲೆಯಲ್ಲಿ ಮರಾಠಿ, ಮೆಟ್ಟಿಲ ಮೇಲೆ ಹಿಂದಿ. ನಾನು ಧಾರವಾಡದವಳು. ಆಸ್ಪತ್ರೆಯಲ್ಲಿ ಮೇಟ್ರನ್ ಆಗಿ ವಾರ್ಡು ನೋಡಿಕೊಂಡು ನಿವೃತ್ತಳಾದವಳು. ನಮ್ಮ ಮನೆಯಲ್ಲಿ ಕನ್ನಡವನ್ನೇ ಮಾತಾಡಬೇಕೆಂದು ಅವಳಿಗೆ ನಿಯಮ ಹಾಕಿದ್ದೆ. ಅದನ್ನು ಅವಳು ಮುರಿಯುತ್ತಲೂ ಇದ್ದಳು, ಪಾಲಿಸುತ್ತಲೂ ಇದ್ದಳು.

ಆಗ ಅವಳು ಒಂಬತ್ತನೆಯ ತರಗತಿಯಲ್ಲಿದ್ದಳು; ಶಾಲೆಯ ಖೋ-ಖೋ ತಂಡದಲ್ಲಿ ಆಡುತ್ತಿದ್ದಳು. ಆ ಆಟ ಆಡದವರಿಗೆ ಇಷ್ಟು ಹೇಳಿದರೆ ಸಾಕು. ಎರಡು ಕಂಬಗಳ ನಡುವೆ ಹುಡುಗಿಯರು ಒಂದು ಸಾಲಿನಲ್ಲಿ ಕುಕ್ಕರಗಾಲಿನಲ್ಲಿ ಕೂರುತ್ತಾರೆ. ಒಬ್ಬಳ ಮುಖ ಈ ಕಡೆ, ಪಕ್ಕದವಳ ಮುಖ ಆ ಕಡೆ. ಅವರ ತಂಡದ ಇನ್ನೊಬ್ಬಳು ಎದುರಾಳಿಯನ್ನು ಅಟ್ಟಿಸಿಕೊಂಡು ಓಡುತ್ತಾಳೆ. ಸಾಲಿನ ನಡುವೆ ನುಸುಳಲು ಎದುರಾಳಿಗೆ ಅನುಮತಿ ಇದೆ, ಇವಳಿಗೆ ಇಲ್ಲ. ಆದ್ದರಿಂದ ಇವಳು ಕೂತವಳೊಬ್ಬಳ ಬೆನ್ನು ಮುಟ್ಟಿ “ಖೋ” ಎನ್ನಬೇಕು. ಆಗ ಕೂತವಳು ಎದ್ದು ಓಡುತ್ತಾಳೆ, ಮುಟ್ಟಿದವಳು ಆ ಜಾಗದಲ್ಲಿ ಕೂರುತ್ತಾಳೆ. ಕೈ ಯಾವಾಗಲೂ ಹಿಂದಿನಿಂದಲೇ ಬರುವುದು. ಕೈ ಬೀಳುವ ಮೊದಲೇ ಎದ್ದರೆ ಫೌಲ್.

ಶ್ರಾವ್ಯಾಳ ಕಷ್ಟ ಇದ್ದದ್ದು ಅಲ್ಲಿಯೇ. ಐದನೆಯ ತರಗತಿಯಿಂದ ಅವಳ ಜೊತೆ ಒಂದೇ ಬೆಂಚಿನಲ್ಲಿ ಕೂತು ಬಂದ ಗೌರಿ ಎಂಬ ಹುಡುಗಿಯೂ ಅದೇ ತಂಡದಲ್ಲಿದ್ದಳು. ರೈಲು ಹಳಿಯ ಆಚೆ, ಪಶ್ಚಿಮದಲ್ಲಿ ಅವಳ ಮನೆ. ಉದ್ದ ಕಾಲಿನ, ಮಾತು ಕಡಿಮೆಯ ಹುಡುಗಿ. ಗೌರಿ ಓಡುತ್ತ ಬಂದರೆ ಹೆಜ್ಜೆಯ ಸಪ್ಪಳದಿಂದಲೇ ಶ್ರಾವ್ಯಾಳಿಗೆ ಗೊತ್ತಾಗುತ್ತಿತ್ತು; ಗೌರಿ ಕೈ ಚಾಚುವಷ್ಟರಲ್ಲಿ ಇವಳು ಎದ್ದಿರುತ್ತಿದ್ದಳು. ಬೇರೆ ಯಾರು ಖೋ ಕೊಟ್ಟರೂ ಈ ತಪ್ಪು ಆಗುತ್ತಿರಲಿಲ್ಲ.

ಕಲ್ಯಾಣದಲ್ಲಿ ನಡೆದ ಪಂದ್ಯದಲ್ಲಿ ಇದೇ ತಪ್ಪು ಮತ್ತೆ ಮತ್ತೆ ಆಗಿ, ಇನ್ನೇನು ಸಿಕ್ಕೇಬಿಟ್ಟರು ಎನ್ನುವಂತಿದ್ದ ಎದುರಾಳಿಯರು ಪಾರಾದರು, ತಂಡ ಸೋತಿತು. ವಾಪಸು ಬರುವಾಗ ರೈಲಿನ ಲೇಡೀಸ್ ಡಬ್ಬಿಯಲ್ಲಿ ಹುಡುಗಿಯರೆಲ್ಲ ಗೌರಿಯ ಮೇಲೆ ಬಿದ್ದರಂತೆ: ನೀನು ಖೋ ತಡವಾಗಿ ಕೊಟ್ಟೆ ಎಂದು. ಶ್ರಾವ್ಯಾ ಎದ್ದು ನಿಂತು, “ಅವಳದು ತಪ್ಪಿಲ್ಲ, ನಾನೇ ಮೊದಲು ಎದ್ದದ್ದು” ಎಂದಳಂತೆ. “ಯಾಕೆ, ನಿನ್ನ ಬೆನ್ನಿಗೆ ಕಿವಿ ಇದೆಯಾ?” ಎಂದು ಯಾರೋ ಕೆಣಕಿದರಂತೆ. ಗೌರಿ ಮಾತ್ರ ಕಿಟಕಿಯ ಕಡೆ ನೋಡುತ್ತ, “ನನ್ನ ಕೈ ಬರುವವರೆಗೆ ನೀನು ಒಂದು ಸಲವಾದರೂ ಕಾದಿದ್ದೀಯಾ?” ಎಂದಳಂತೆ. ಅದು ಶ್ರಾವ್ಯಾಳಿಗೆ ನಾಟಿತು.

ಮರುದಿನ ಅವರ ಪಿ.ಟಿ. ಸರ್ ಗೌರಿಗೆ ಆದೇಶ ಕೊಟ್ಟರು: ಇನ್ನು ಇವಳಿಗೆ ಖೋ ಕೊಡಬೇಡ, ಬಿಟ್ಟು ಮುಂದೆ ಹೋಗು. ಗೌರಿ ಹಾಗೆಯೇ ಮಾಡಿದಳು. ಅಭ್ಯಾಸದಲ್ಲಿ ಪ್ರತಿ ಸಲವೂ ಶ್ರಾವ್ಯಾಳ ಬೆನ್ನ ಹಿಂದೆಯೇ ಓಡಿ ಮುಂದಿನವಳನ್ನು ಮುಟ್ಟಿದಳು. ಆ ವಾರ ತರಗತಿಯಲ್ಲೂ ಬೇರೆ ಬೆಂಚಿಗೆ ಹೋಗಿ ಕೂತಳು.

ಶ್ರಾವ್ಯಾಳ ತಾಯಿ ನನ್ನ ಬಳಿ ಬಂದಳು. “ಎಂತ ಅಂತ ನೀವೇ ಕೇಳಿ ಅಕ್ಕ. ಸಮ ಊಟ ಮಾಡುದಿಲ್ಲ. ಗಣಿತದಲ್ಲಿ ಮಾರ್ಕು ಹೋದಾಗ ಸಾ ಇವಳು ಇಷ್ಟು ಸಪ್ಪೆ ಇರ್ಲಿಲ್ಲ.”

ಕೇಳಿದೆ. ಹುಡುಗಿ ನೆಲ ನೋಡುತ್ತ ಎಲ್ಲ ಹೇಳಿದಳು. “ನಾನು ಮುದ್ದಾಮ್ ಮಾಡಲ್ಲ ಆಜಿ. ಕಾಲು ತಾನೇ ಏಳ್ತದೆ. ನೀವು ಸರ್‌ಗೆ ಫೋನ್ ಮಾಡ್ತೀರಾ?”

“ನಾ ಯಾಕ ಮಾಡ್ಲಿ? ಸರ್ ಹೇಳಿದ್ದು ಬರೋಬರಿ ಐತಿ. ಗೌರಿ ಕೇಳಿದ್ದೂ ಬರೋಬರಿ ಐತಿ. ನೀ ಮೊದಲ ಕುಂಡ್ರೂದು ಕಲಿ.”

ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ಬಂದು, ಕಾಂಪೌಂಡಿನಲ್ಲಿ ಅಭ್ಯಾಸ ಮಾಡಲು ಪರವಾನಗಿ ಕೇಳಿದಳು. ಸೊಸೈಟಿಯ ಸೆಕ್ರೆಟರಿ ನಾನು. ‘ಇಲ್ಲಿ ಆಟವಾಡಬಾರದು’ ಎಂಬ ಬೋರ್ಡು ಹಾಕಿಸಿದವಳೂ ನಾನೇ. ಅದನ್ನು ತೋರಿಸಿದೆ.

“ಅದು ಕ್ರಿಕೆಟ್‌ಗೆ ಆಜಿ. ಖೋ-ಖೋದಲ್ಲಿ ಬಾಲ್ ಎಲ್ಲಿದೆ? ಯಾರ ಕಿಟಕಿಯ ಕಾಚೂ ಒಡೆಯಲ್ಲ. ನಾನು ಬರೀ ಕೂತಿರ್ತೇನೆ. ಕೂರೋದಕ್ಕೂ ಪರ್ಮಿಶನ್ ಬೇಕಾ?”

ವಾದ ಸರಿಯಾಗಿತ್ತು. ಒಪ್ಪಿದೆ. ಕಟ್ಟಡದ ಮಕ್ಕಳನ್ನು ಕರೆದು ಬೆನ್ನ ಹಿಂದೆ ಓಡಿಸಿದಳು. ಒಂದೇ ಸಂಜೆಯಲ್ಲಿ ಎಲ್ಲರ ಹೆಜ್ಜೆಯ ಗುರುತೂ ಅವಳಿಗೆ ಸಿಕ್ಕಿಬಿಟ್ಟಿತು. ಆಮೇಲೆ ನನ್ನ ಹಿಂದೆ ಬಿದ್ದಳು.

“ನೀವು ಕೊಡಿ ಆಜಿ, ಖೋ. ನೀವು ಬಂದರೆ ಆವಾಜೇ ಬರಲ್ಲ. ಮಮ್ಮಿ ಹೇಳ್ತಾಳೆ, ನೀವು ಬೆಕ್ಕಿನ ಹಾಗೆ ಬರ್ತೀರಿ ಅಂತ.”

ಮಲಗಿದ ರೋಗಿಗಳ ನಡುವೆ ಅಡ್ಡಾಡಿದ ಕಾಲು, ಸಪ್ಪಳ ಮಾಡುವುದನ್ನು ಮರೆತಿದೆ. ಹೇಗೂ ಸಂಜೆ ಕಟ್ಟಡದ ಸುತ್ತ ನನ್ನ ನಡಿಗೆ ತಪ್ಪುವುದಿಲ್ಲ. ಪಂಪಿನ ಕೋಣೆ ಮತ್ತು ಸ್ಕೂಟರುಗಳ ನಡುವೆ ಅವಳು ನನಗೆ ಬೆನ್ನು ಮಾಡಿ ಕೂರುತ್ತಿದ್ದಳು. ಒಂದು ಸುತ್ತಿನಲ್ಲಿ ಮುಟ್ಟುತ್ತಿದ್ದೆ, ಇನ್ನೊಂದರಲ್ಲಿ ಸುಮ್ಮನೆ ಹಾದು ಹೋಗುತ್ತಿದ್ದೆ. ಮೊದಮೊದಲು ಯಾರ ಮನೆಯ ಕುಕ್ಕರ್ ಸೀಟಿ ಹೊಡೆದರೂ ಏಳುತ್ತಿದ್ದಳು. ವಾಚ್‌ಮನ್ ಕೆಮ್ಮಿದರೂ ಏಳುತ್ತಿದ್ದಳು. “ಫೌಲ್. ಕುಂಡ್ರು” ಎನ್ನುತ್ತಿದ್ದೆ. ಬಾಲ್ಕನಿಯಿಂದ ಯಾರೋ, “ಸೆಕ್ರೆಟರಿ ಮೇಡಮ್, ನಿಮ್ಮ ಸೆಲೆಕ್ಷನ್ ಯಾವಾಗ?” ಎಂದು ಕೇಳಿದರು. “ನಿಮ್ಮ ಮೆಂಟೆನೆನ್ಸ್ ಬಂದ ದಿನ” ಎಂದು ಮುಂದೆ ನಡೆದೆ.

ಒಂದು ಸಂಜೆ ನೀರಿನ ಟಾಕಿ ತೊಳೆಸುವ ವಿಷಯಕ್ಕೆ ಗೇಟಿನ ಬಳಿ ಇಬ್ಬರು ನನ್ನನ್ನು ಹಿಡಿದು ನಿಲ್ಲಿಸಿದರು. ಮಾತು ಬೆಳೆಯಿತು. ಮುಗಿಸಿ ಹಿಂದಕ್ಕೆ ಬಂದಾಗ ಕತ್ತಲಾಗುತ್ತಿತ್ತು. ಪಂಪಿನ ಕೋಣೆಯ ಪಕ್ಕದಲ್ಲಿ ಅವಳು ಹಾಗೆಯೇ ಕೂತಿದ್ದಳು, ಕೈಬೆರಳು ನೆಲಕ್ಕೆ ಊರಿ. ನಾನು ಹೋಗಿ ಬೆನ್ನು ಮುಟ್ಟಿದೆ. ಏಳಲು ಹೋಗಿ, ಕಾಲು ಜೋಮು ಹಿಡಿದು ಪಕ್ಕಕ್ಕೆ ಉರುಳಿದಳು. ಬಿದ್ದಲ್ಲೇ ನಗತೊಡಗಿದಳು.

“ಹುಚ್ಚಿ, ಎದ್ದು ಮನೀಗೆ ಹೋಗಬಾರದಿತ್ತೇನ?”

“ಕೈ ಬರ್ಲಿಲ್ಲ ಅಲ್ವಾ, ಆಜಿ.”

ಆ ದಿನದ ನಂತರ ನನ್ನ ಸಹಾಯ ಅವಳಿಗೆ ಬೇಕಾಗಲಿಲ್ಲ.

ಮುಂದಿನ ಪಂದ್ಯ ವಾಶಿಯಲ್ಲಿ. ಠಾಣೆಯಲ್ಲಿ ರೈಲು ಬದಲಿಸಿ ನಾನೂ ಹೋದೆ. ತಂಡ ಮೈದಾನಕ್ಕೆ ಇಳಿಯುವ ಮೊದಲು, ಸರ್ ಮನಸ್ಸು ಬದಲಿಸಿದರೇನು ಎಂದು ಶ್ರಾವ್ಯಾಳನ್ನು ಕೇಳಿದೆ. ಇಲ್ಲವೆಂದು ತಲೆಯಾಡಿಸಿದಳು. ಕಾಂಪೌಂಡಿನ ಅಭ್ಯಾಸದ ಮಾತನ್ನು ಅವಳು ಸರ್‌ಗೂ ಹೇಳಿರಲಿಲ್ಲ, ಗೌರಿಗೂ ಹೇಳಿರಲಿಲ್ಲ. “ಹೇಳಿದ್ರೆ ಸಿಫಾರಿಶ್ ಆಗ್ತದೆ” ಎಂದಳು.

ಆಟ ಶುರುವಾಯಿತು. ಗೌರಿ ಓಡುತ್ತ ಬಂದಳು, ಶ್ರಾವ್ಯಾಳನ್ನು ದಾಟಿ ಹೋದಳು. ಮತ್ತೆ ಬಂದಳು, ಮತ್ತೆ ದಾಟಿದಳು. ಶ್ರಾವ್ಯಾಳ ಹಿಮ್ಮಡಿ ಅಲುಗಲಿಲ್ಲ, ಕತ್ತು ತಿರುಗಲಿಲ್ಲ. ನಾನು ಗೌರಿಯನ್ನೇ ನೋಡುತ್ತಿದ್ದೆ. ಪ್ರತಿ ಸಲ ದಾಟುವಾಗಲೂ ಅವಳು ಆ ಅಲುಗದ ಬೆನ್ನನ್ನು ಒಮ್ಮೆ ನೋಡುತ್ತಿದ್ದಳು.

ಎರಡನೆಯ ಪಾಳಿಯಲ್ಲಿ ಎದುರಾಳಿಯೊಬ್ಬಳು ಸರಿಯಾಗಿ ಶ್ರಾವ್ಯಾಳ ಪಕ್ಕದಲ್ಲಿ ನುಸುಳಿ ಆಚೆ ಹೋದಳು. ಗೌರಿ ಬಂದು ನಿಂತಳು. ಮುಂದೆ ಓಡಬೇಕಿತ್ತು, ಓಡಲಿಲ್ಲ. ಬಗ್ಗಿ, ಅಂಗೈ ಅಗಲಿಸಿ ಶ್ರಾವ್ಯಾಳ ಬೆನ್ನಿನ ಮೇಲೆ ಇಟ್ಟು “ಖೋ” ಎಂದಳು. ಅಷ್ಟಾದ ಮೇಲೆಯೇ ಶ್ರಾವ್ಯಾ ಎದ್ದದ್ದು. ಅಂಪೈರ್ ಫೌಲ್ ಎಂದು ಸೀಟಿ ಊದಲಿಲ್ಲ. ಎದುರಾಳಿ ಅಷ್ಟರಲ್ಲಿ ಕೈಗೆ ಸಿಗದಷ್ಟು ದೂರ ಹೋಗಿದ್ದಳು. ಶ್ರಾವ್ಯಾ ಕಂಬದವರೆಗೂ ಬೆನ್ನಟ್ಟಿದಳು, ಅವಳು ಸಿಗಲಿಲ್ಲ. ಇವಳ ಜಾಗದಲ್ಲಿ ಕೂತಿದ್ದ ಗೌರಿಯ ಮುಖ ಕೆಂಪಾಗಿತ್ತು. ಸರ್ ಗೆರೆಯ ಅಂಚಿನವರೆಗೆ ಬಂದು, ಏನೋ ಕೂಗಲು ಹೋಗಿ, ಸುಮ್ಮನೆ ಹಿಂದಕ್ಕೆ ಹೋದರು. ಆಮೇಲೆ ಆಟ ಮುಗಿಯುವವರೆಗೂ ಗೌರಿ ಅವಳನ್ನು ದಾಟಿ ಹೋಗಲಿಲ್ಲ.

ಆ ಪಂದ್ಯವನ್ನೂ ಸೋತರು. ರೈಲಿನಲ್ಲಿ ಇಬ್ಬರೂ ಒಂದೇ ಕಿಟಕಿಗೆ ಒತ್ತಿಕೊಂಡು ಕೂತಿದ್ದರು. ಗೌರಿ ಮರಾಠಿಯಲ್ಲಿ, “ತಡವಾಗಿ ಎದ್ದೆ ನೀನು” ಎಂದಳು.

“ಕೈ ತಡವಾಗಿ ಬಂತು” ಎಂದಳು ಶ್ರಾವ್ಯಾ.

“ತಿಂಗಳು ತಡವಾಯ್ತು, ಗೊತ್ತಿದೆ” ಎಂದು ಗೌರಿ ತಿಂಡಿಯ ಡಬ್ಬಿ ತೆರೆದು ಅವಳ ಮಡಿಲಲ್ಲಿಟ್ಟಳು. ಇಬ್ಬರೂ ನಗುತ್ತಿದ್ದರು.

ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ಮೇಲೆ ಶ್ರಾವ್ಯಾಳ ತಂದೆಯನ್ನು ಹೋಟೆಲಿನವರು ವಾಶಿ ದಾರಿಯ ಘಣಸೋಲಿಯ ಹೊಸ ಶಾಖೆಗೆ ಹಾಕಿದರು. ಮನೆ ಬದಲಿಸುವ ದಿನ ತಂಡದ ಹುಡುಗಿಯರೆಲ್ಲ ಬಂದಿದ್ದರು. ಮೆಟ್ಟಿಲುಗಳ ಮೇಲೆ ನಿಂತು ಪಾತ್ರೆ, ಪುಸ್ತಕ, ಹಾಸಿಗೆಗಳನ್ನು ಕೈಯಿಂದ ಕೈಗೆ ದಾಟಿಸಿದರು. ಲಿಫ್ಟು ಕೆಡದಂತೆ ಸಾಮಾನು ಇಳಿಸಿದ್ದನ್ನು ಈ ಕಟ್ಟಡದಲ್ಲಿ ನಾನು ನೋಡಿದ್ದು ಆ ಒಂದು ಸಲ.

ಟೆಂಪೋ ತುಂಬಿತು. ಶ್ರಾವ್ಯಾ ನನ್ನ ಕಾಲಿಗೆ ನಮಸ್ಕಾರ ಮಾಡಿ, “ಬರ್ತೇನೆ ಅಜ್ಜಿ” ಎಂದಳು. ಅಪ್ಪಟ ಕನ್ನಡದಲ್ಲಿ. “ಹೂಂ, ಚಂದಾಗಿ ಓದು” ಎಂದೆ.

ಹುಡುಗಿಯರು ಟೆಂಪೋದ ಹಿಂದೆ ನಿಂತು ಕೈ ಬೀಸಿದರು. ಅವರಲ್ಲಿ ಗೌರಿ ಇರಲಿಲ್ಲ. ನೋಡಿದರೆ, ಡ್ರೈವರನ ಪಕ್ಕದ ಸೀಟಿನಲ್ಲಿ, ಶ್ರಾವ್ಯಾ ಮತ್ತು ಅವಳ ತಂದೆಯ ನಡುವೆ, ಮಡಿಲಲ್ಲಿ ಮಿಕ್ಸರ್ ಇಟ್ಟುಕೊಂಡು ಕೂತಿದ್ದಳು.

“ನೀ ಎಲ್ಲಿ ಹೊಂಟಿ?” ಎಂದೆ.

“ಮನೆ ನೋಡಿ ಬರ್ತೇನೆ ಆಜಿ” ಎಂದಳು ಮರಾಠಿಯಲ್ಲಿ.

“ವಾಪಸು ಒಬ್ಬಾಕೀನ ಬರಬೇಕಲ್ಲ. ಎಷ್ಟೊತ್ತಿನ ಗಾಡಿಗೆ ಬರ್ತಿ?”

“ಬಘೂ” ಎಂದಳು ಗೌರಿ. ನೋಡೋಣ ಎಂದು.

ಗೇಟಿನ ಎರಡೂ ಬಾಗಿಲು ತೆರೆಯಲು ವಾಚ್‌ಮನ್‌ಗೆ ಹೇಳಿದೆ. ಟೆಂಪೋ ಹೊರಟಿತು.