ತಾಯಮ್ಮಕ್ಕನ ಬರಿಗೈ

ತಾಯಮ್ಮಕ್ಕ ಒಂದು ಮುದ್ದೆ ಕಟ್ಟಲು ಮೂರು ಸುತ್ತಿಗಿಂತ ಹೆಚ್ಚು ತೆಗೆದುಕೊಂಡದ್ದನ್ನು ನಾನು ನೋಡಿರಲಿಲ್ಲ. ಬಲಗೈಯನ್ನು ತಣ್ಣೀರಿಗೆ ಅದ್ದುವುದು, ಹಲಗೆಯ ಮೇಲೆ ಹಬೆಯಾಡುವ ಹಿಟ್ಟಿನಿಂದ ಒಂದು ಪಾಲು ಮುರಿಯುವುದು, ಅಂಗೈಯಲ್ಲಿ ಮೂರು ಸುತ್ತು, ತಟ್ಟೆಗೆ. ಮತ್ತೆ ನೀರು. ಬೆಳಗಿನ ಪಾಳಿಯ ಅಷ್ಟೂ ಜನರಿಗೆ ಹೀಗೆ ಕಟ್ಟಿ ಹಾಕಿದ ಆ ಕೈಯಲ್ಲಿ ಒಂದು ಸುಟ್ಟ ಕಲೆಯೂ ಇರಲಿಲ್ಲ. ದಿನವಿಡೀ ಪೆನ್ನು ಹಿಡಿಯುವ ನನ್ನ ಕೈಯಲ್ಲಿ ಇಸ್ತ್ರಿಪೆಟ್ಟಿಗೆ ತಾಗಿದ ಎರಡು ಕಲೆಗಳಿದ್ದವು. ಅದನ್ನೇ ಹಿಡಿದು ತಾಯಮ್ಮಕ್ಕ ಜೊತೆಯ ಹೆಂಗಸರ ಮುಂದೆ ಆಡಿಕೊಳ್ಳುತ್ತಿದ್ದರು: "ನಮ್ ಸೇಫ್ಟಿ ಸಾರ್ ಕೈ ನೋಡ್ರವ್ವ."

ಸುಡುವುದಿಲ್ಲವೇ ಎಂದು ಕೇಳಿದರೆ ಅವರದು ಒಂದೇ ಉತ್ತರ. "ಬಿಸಿ ಏನೂ ಮಾಡಾಕಿಲ್ಲ ಕಣಪ್ಪ. ಅದ್ರ ಜತೆ ತಂಟೆ ಮಾಡ್ತಾ ನಿಂತ್ಕಂಡ್ರೆ ಸುಡ್ತದೆ. ಮುಟ್ಬೇಕು, ಬುಡ್ಬೇಕು."

ಮದ್ದೂರು ದಾಟಿದ ಮೇಲೆ ಹೆದ್ದಾರಿಯ ಪಕ್ಕ ಇರುವ ಒಂದು ಕಾರ್ಖಾನೆಯಲ್ಲಿ ನಾನು ಸುರಕ್ಷತಾ ಮೇಲ್ವಿಚಾರಕ. ಮಂಡ್ಯದ ಗುತ್ತಲಿನ ಮನೆಯಿಂದ ಬೆಳಿಗ್ಗೆ ಆರಕ್ಕೆ ಹೊರಟು, ಯಾರು ಏನು ಹಾಕಿಕೊಂಡಿಲ್ಲ, ಎಲ್ಲಿ ಯಾವ ಫಲಕ ಇಲ್ಲ ಎಂದು ಬರೆದುಕೊಂಡು ಸಂಜೆ ಹಿಂದಿರುಗುವವನು. ತಾಯಮ್ಮಕ್ಕ ಅಲ್ಲಿನ ಕ್ಯಾಂಟೀನಿನಲ್ಲಿ ಅಡುಗೆಯವರು. ಪೂರ್ತಿ ಹೆಸರು ಚಿಕ್ಕತಾಯಮ್ಮ. ಮಳವಳ್ಳಿ ರಸ್ತೆಯ ಒಂದು ಹಳ್ಳಿಯಿಂದ ಮೊದಲ ಬಸ್ಸಿಗೆ ಬರುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಕಂತ್ರಾಟುದಾರನ ಮೂಲಕ ಸೇರಿದವರು. ಜೊತೆಗೆ ಇನ್ನೂ ನಾಲ್ವರು ಹೆಂಗಸರಿದ್ದರು, ಆದರೆ ಕೋಲು ಹಿಡಿದು ಹಿಟ್ಟು ತಿರುವುವುದು, ಕಟ್ಟುವುದು ತಾಯಮ್ಮಕ್ಕನೇ.

ನಿಯಮವೇ ಬೇಡ ಎನ್ನುವವನಲ್ಲ ನಾನು. ಪ್ರೆಸ್ ಯಂತ್ರಕ್ಕೆ ಕೈ ಸಿಕ್ಕಿ ಮೂರು ಬೆರಳು ಕಳೆದುಕೊಂಡ ಹುಡುಗನನ್ನು ನನ್ನ ಸ್ಕೂಟರಿನಲ್ಲೇ ಮಂಡ್ಯದ ಆಸ್ಪತ್ರೆಗೆ ಕರೆದೊಯ್ದಿದ್ದೇನೆ. ಆ ಯಂತ್ರಕ್ಕೆ ಮರುವಾರ ಕಂಬಿಯ ಬೇಲಿ ಬಂತು, ಒಳ್ಳೆಯದೇ ಆಯಿತು. ಆದರೆ ಯಂತ್ರಕ್ಕೆ ಬಂದ ಬೇಲಿ ಅಲ್ಲಿಗೇ ನಿಲ್ಲಲಿಲ್ಲ. ನೀರು ಕುಡಿಯುವ ಕಡೆಗೆ ಬಂತು, ಚಪ್ಪಲಿ ಬಿಡುವ ಕಡೆಗೆ ಬಂತು, ಹುಣಸೆಮರದ ಕೆಳಗೆ ಕೂತು ಎಲೆಯಡಿಕೆ ಹಾಕಿಕೊಳ್ಳುವವರ ತಲೆಗೆ ಹೆಲ್ಮೆಟ್ಟಾಗಿ ಬಂತು. ಪಾತ್ರೆ ತೊಳೆಯುವ ಬಚ್ಚಲಿನಲ್ಲಿ "ನೆಲ ಒದ್ದೆಯಾಗಿದೆ, ಎಚ್ಚರಿಕೆ" ಎಂಬ ಹಳದಿ ಫಲಕವನ್ನು ನಾನೇ ಇಟ್ಟೆ. ತಾಯಮ್ಮಕ್ಕ ಅದರ ಮೇಲೆ ಒರಸುವ ಬಟ್ಟೆ ಒಣಹಾಕತೊಡಗಿದರು.

ಕ್ಯಾಂಟೀನಿನ ಮೆಟ್ಟಿಲ ಬಳಿಯ ಗೋಡೆಯ ಮೇಲೆ ಎರಡು ಸೂಚನೆಗಳಿದ್ದವು. ಮೆಟ್ಟಿಲು ಹತ್ತುವಾಗ ಒಂದು ಕೈ ಕಂಬಿಯ ಮೇಲಿರಬೇಕು. ಬಿಸಿ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿಯಬೇಕು. ಒಂದು ದಿನ ತಾಯಮ್ಮಕ್ಕ ಸಾರಿನ ಪಾತ್ರೆ ಹಿಡಿದು ಕೆಳಗಿನ ಮೆಟ್ಟಿಲಲ್ಲೇ ನಿಂತುಬಿಟ್ಟರು. ಮೇಲೆ ಜನ ತಟ್ಟೆ ಹಿಡಿದು ಕಾಯುತ್ತಿದ್ದಾರೆ.

"ಯಾಕಕ್ಕ, ನಿಂತುಬಿಟ್ಟಿರಿ?"

"ಮೂರ್ನೇ ಕೈ ಬರ್ಲಿ ಅಂತ ಕಾಯ್ತಾ ಇವ್ನಿ ಸಾರ್. ಆಪೀಸಿಂದ ಯಾವಾಗ ಕಳುಸ್ತಾರೆ?"

ನಗು ಬಂತು. ಆ ಎರಡು ಸೂಚನೆಗಳ ಕೆಳಗೂ ನನ್ನದೇ ಸಹಿಯಿತ್ತು. ಎರಡನ್ನೂ ಹಾಗೇ ಬಿಟ್ಟೆ, ತೆಗೆಯಬೇಕಾದರೆ ಅದಕ್ಕೊಂದು ಅರ್ಜಿ ಬರೆಯಬೇಕಿತ್ತು. ಮನೆಗೆ ಹೋದರೆ ಅಲ್ಲೂ ಬಿಡುಗಡೆ ಇರಲಿಲ್ಲ. ಮಗಳ ಶಾಲೆಯಿಂದ ಚೀಟಿ ಬಂದಿರುತ್ತಿತ್ತು, ಆಟದ ದಿನ ಮಗು ಓಡುವುದಕ್ಕೆ ನನ್ನ ಒಪ್ಪಿಗೆ ಇದೆ, ಬಿದ್ದರೆ ಶಾಲೆ ಹೊಣೆಯಲ್ಲ ಎಂದು. ಸಹಿ ಹಾಕಿ ಹಾಕಿ ನನ್ನ ಹೆಸರೇ ನನಗೆ ಸಾಕಾಗಿಹೋಗಿತ್ತು.

ಆಮೇಲೆ ಗ್ಲೌಸು ಬಂತು. ಬೇಯಿಸಿದ ಪದಾರ್ಥವನ್ನು ಬರಿಗೈಯಲ್ಲಿ ಮುಟ್ಟಕೂಡದು ಎಂದು ಬೆಂಗಳೂರಿನ ಮುಖ್ಯ ಕಚೇರಿಯಿಂದ ಆದೇಶ, ಅದರ ಹಿಂದೆಯೇ ತೆಳು ಪ್ಲಾಸ್ಟಿಕ್ ಗ್ಲೌಸಿನ ಪೆಟ್ಟಿಗೆಗಳು. ಆದೇಶ ಬರೆದವರು ಅನ್ನ ಬಡಿಸುವುದನ್ನು ನೋಡಿರಬಹುದು, ಮುದ್ದೆ ಕಟ್ಟುವುದನ್ನು ನೋಡಿದವರಲ್ಲ. ಒದ್ದೆ ಅಂಗೈಗೆ ಹಿಟ್ಟು ಅಂಟುವುದಿಲ್ಲ. ಪ್ಲಾಸ್ಟಿಕ್ಕಿನ ಮೇಲೆ ನೀರು ನಿಲ್ಲುವುದಿಲ್ಲ, ಹಿಟ್ಟು ಮಾತ್ರ ನಿಲ್ಲುತ್ತದೆ. ಮಂಡ್ಯದ ಸೀಮೆಯಲ್ಲಿ ಹುಟ್ಟಿದ ಯಾರಿಗಾದರೂ ಇದು ಗೊತ್ತು, ನನಗೂ ಗೊತ್ತಿತ್ತು.

"ಇದುನ್ನ ಆಕ್ಕಂಡ್ ಇಟ್ಟು ಕಟ್ಟದಾ? ನಿಮ್ಮವ್ವ ಕಟ್ತಾರಾ ಸಾರ್?" ಎಂದು ತಾಯಮ್ಮಕ್ಕ ಪೆಟ್ಟಿಗೆಯನ್ನು ಅಕ್ಕಿಮೂಟೆಯ ಹಿಂದೆ ಇಟ್ಟರು.

ನಾನು ನೋಡದವನಂತೆ ಇದ್ದೆ. ನನ್ನ ಪುಸ್ತಕದಲ್ಲಿ ದಿನವೂ ಒಂದು ಅಂಕಣ ತುಂಬಬೇಕಿತ್ತು: ಅಡುಗೆಯವರು ಗ್ಲೌಸು ಧರಿಸಿದ್ದಾರೆಯೇ? ಹೌದು ಎಂದು ಬರೆಯುತ್ತಿದ್ದೆ. ನಾಲ್ಕು ವರ್ಷ ಬರೆದೆ. ತಾಯಮ್ಮಕ್ಕನಿಗೂ ಗೊತ್ತಿತ್ತು. "ದಿನಾ ಒಂದ್ ಸುಳ್ ಬರೀತೀರಲ್ಲ, ಕೈ ನೋಯಾಕಿಲ್ವಾ?" ಎಂದು ಕೇಳಿ, ನನ್ನ ತಟ್ಟೆಗೆ ಸೊಪ್ಪಿನ ಸಾರು ಇನ್ನೊಂದು ಸೌಟು ಹಾಕುತ್ತಿದ್ದರು.

ಐದನೇ ವರ್ಷ ತಪಾಸಣೆಗೆ ಹೊರಗಿನವರು ಬಂದರು. ಇಬ್ಬರು, ಕೈಯಲ್ಲಿ ಕ್ಯಾಮೆರಾ. ಅಡುಗೆಮನೆಗೂ ಬರುತ್ತಾರೆಂದು ತಿಳಿದಾಗ ನಾನು ಓಡಿಹೋಗಿ ಅಕ್ಕಿಮೂಟೆಯ ಹಿಂದಿನಿಂದ ಪೆಟ್ಟಿಗೆ ಎಳೆದೆ. ಹಲಗೆಯ ಮೇಲೆ ಆಗಲೇ ಹಿಟ್ಟು ಬಿದ್ದಿತ್ತು.

"ಇವತ್ತೊಂದು ದಿನ ಹಾಕಿಕೊಳ್ಳಕ್ಕ. ನನ್ನ ಕೆಲಸ ಹೋಗುತ್ತೆ."

ತಾಯಮ್ಮಕ್ಕ ನನ್ನನ್ನೇ ನೋಡಿದರು. "ನಿಮ್ ಮಕ ನೋಡಿ ಆಕ್ಕತೀನಿ," ಎಂದರು.

ಬಂದವರಿಗೆ ಸಂತೋಷವಾಯಿತು. ಗ್ಲೌಸು ಹಾಕಿದ ಕೈ ಹಿಟ್ಟಿನ ಮೇಲಿರುವ ಫೋಟೋ ಹಿಡಿದುಕೊಂಡು ಕಾಫಿಗೆ ಹೋದರು. ಅವರ ಬೆನ್ನು ತಿರುಗಿದ ಮೇಲೆ ಇನ್ನು ತೆಗೆಯಿರಿ ಎನ್ನಬೇಕಿತ್ತು, ನಾನು ಅವರ ಹಿಂದೆಯೇ ಹೋದೆ. ನಾಲ್ಕನೆಯದೋ ಐದನೆಯದೋ ಮುದ್ದೆಗೆ ಹಿಟ್ಟು ಗ್ಲೌಸಿಗೆ ಕಚ್ಚಿಕೊಂಡಿತು, ಪ್ಲಾಸ್ಟಿಕ್ಕು ಅಂಗೈಗೆ ಕಚ್ಚಿಕೊಂಡಿತು. ಕೊಡವಿದರೂ ಬೀಳಲಿಲ್ಲ. ಮುಟ್ಟಬೇಕು, ಬಿಡಬೇಕು ಎನ್ನುತ್ತಿದ್ದವರಿಗೆ ಬಿಡಲು ಆಗಲಿಲ್ಲ. ಜೊತೆಯ ಹೆಂಗಸರು ಗ್ಲೌಸನ್ನು ಎಳೆದಾಗ ಅದರ ಜೊತೆ ಚರ್ಮವೂ ಬಂತು.

ಮದ್ದೂರಿನ ಆಸ್ಪತ್ರೆಯಲ್ಲಿ ಕಟ್ಟು ಹಾಕಿಸಿಕೊಂಡು ಬಂದ ಮೇಲೆ ಅಪಘಾತದ ನಮೂನೆ ತುಂಬಬೇಕಿತ್ತು. ಕಾರಣ ಎಂಬಲ್ಲಿ ಮುದ್ರಿತವಾಗಿದ್ದುದು ಎರಡೇ ಸಾಲು: ರಕ್ಷಣಾ ಸಾಧನ ಧರಿಸಿರಲಿಲ್ಲ, ರಕ್ಷಣಾ ಸಾಧನ ಸರಿಯಾಗಿ ಧರಿಸಿರಲಿಲ್ಲ. ಸಾಧನದಿಂದಲೇ ಸುಟ್ಟಿತು ಎನ್ನಲು ಜಾಗವಿರಲಿಲ್ಲ. ಮುಖ್ಯ ಕಚೇರಿಗೆ ಫೋನು ಮಾಡಿದೆ. ನಾವೇ ಕೊಟ್ಟ ಗ್ಲೌಸಿನಿಂದ ಹೀಗಾಯಿತೆಂದರೆ ವಿಚಾರಣೆ ನಡೆಯಬೇಕು, ಅದು ಮುಗಿಯುವವರೆಗೆ ಕ್ಯಾಂಟೀನು ಮುಚ್ಚಿರಬೇಕು, ಮೊದಲನೆಯ ಸಾಲಿಗೆ ಗುರುತು ಹಾಕಿ ಎಂದರು. ಹಾಕಿದೆ.

"ಏನ್ ಬರ್ದ್ರಿ, ವಸಿ ಓದಿ," ಎಂದರು ತಾಯಮ್ಮಕ್ಕ.

ಓದಿದೆ. ಸುಳ್ಳು ಓದುವಷ್ಟು ನೀಚತನ ನನ್ನಲ್ಲಿರಲಿಲ್ಲ, ನಿಜ ಬರೆಯುವಷ್ಟು ಧೈರ್ಯವೂ ಇರಲಿಲ್ಲ.

"ಆಕ್ಕಂಡಿದ್ನಲ್ಲ ಸಾರ್. ಆಕ್ಕಂಡಿದ್ಲು ಅಂತ ಬರೀರಿ, ಅಷ್ಟೆಯ. ನಂಗೇನೂ ಬ್ಯಾಡ."

ಕ್ಯಾಂಟೀನು ಮುಚ್ಚುವ ಮಾತು ಹೇಳಿದೆ. ಬಾಗಿಲ ಬಳಿ ನಿಂತಿದ್ದ ನಾಲ್ವರು ಹೆಂಗಸರ ಕಡೆ ತಿರುಗಿ ನೋಡಿದರು. "ಈ ಎಣ್ಮಕ್ಳು ಏನ್ ಮಾಡ್ಯಾರು," ಎಂದು ತಮ್ಮಷ್ಟಕ್ಕೇ ಅಂದುಕೊಂಡು ಎಡಗೈ ಚಾಚಿದರು. ಐವತ್ತು ದಾಟಿದ ಮೇಲೆ ಮೊಮ್ಮಗಳ ಹತ್ತಿರ ಕೂತು ಹೆಸರು ಬರೆಯುವುದನ್ನು ಕಲಿತವರು, ಸಂಬಳದ ದಿನ ಚಿಕ್ಕತಾಯಮ್ಮ ಎಂದು ಒಂದೊಂದೇ ಅಕ್ಷರ ಕೂರಿಸಿ ಬರೆಯುತ್ತಿದ್ದವರು. ಬಲಗೈಗೆ ಕಟ್ಟು ಇದ್ದುದರಿಂದ ಆ ದಿನ ಹೆಬ್ಬೆಟ್ಟು ಒತ್ತಿದರು.

ಮೊದಲನೆಯ ಸಾಲಿಗೆ ನಾನು ಹಾಕಿದ ಗುರುತೇ ಮುಂದೆ ಅವರಿಗೆ ಮುಳುವಾಯಿತು. ನಿಯಮ ಮೀರಿದವರನ್ನು ಮತ್ತೆ ತೆಗೆದುಕೊಳ್ಳುವ ಹಾಗಿಲ್ಲವೆಂದು ಕಂತ್ರಾಟುದಾರ ಕೈ ತೊಳೆದುಕೊಂಡ. ಮುದ್ದೆಯನ್ನು ಅಪಾಯದ ಪದಾರ್ಥವೆಂದು ಊಟದ ಪಟ್ಟಿಯಿಂದ ತೆಗೆದರು. "ಇಟ್ಟಿಲ್ದೆ ಅದ್ಯಾವ್ ಊಟ್ವಲಾ" ಎಂದು ಜನ ಒಂದು ವಾರ ಗೊಣಗಿ ಚಪಾತಿಗೆ ಒಗ್ಗಿಕೊಂಡರು. ತಪಾಸಣೆಯವರು ಹಿಡಿದ ಫೋಟೋ "ಉತ್ತಮ ಅಭ್ಯಾಸ" ಎಂಬ ತಲೆಬರಹದಡಿ ಫೈಲಿಗೆ ಸೇರಿತು. ಗ್ಲೌಸು ಧರಿಸಿರಲಿಲ್ಲ ಎಂಬ ನನ್ನ ನಮೂನೆಯೂ ಅದೇ ಫೈಲಿನಲ್ಲಿದೆ, ಅದೇ ತಾರೀಖಿನಲ್ಲಿ. ಇದುವರೆಗೆ ಎರಡನ್ನೂ ಒಟ್ಟಿಗೆ ನೋಡಿದವರಿಲ್ಲ. ಫೈಲು ಇಡುವುದು ಓದುವುದಕ್ಕಲ್ಲ ಎಂಬುದು ನನ್ನ ಇಷ್ಟು ವರ್ಷಗಳ ಅನುಭವ.

ಕೊನೆಯ ಸಲ ಅವರನ್ನು ಕಂಡದ್ದು ಮಳವಳ್ಳಿಯಲ್ಲಿ, ಸಹೋದ್ಯೋಗಿಯೊಬ್ಬರ ಮಗಳ ಮದುವೆಯ ಬೀಗರ ಊಟದಲ್ಲಿ. ಪಂಕ್ತಿಗೆ ಕಾಯುತ್ತಾ ಅಡುಗೆಯ ಚಪ್ಪರದ ಕಡೆ ಹೋದೆ. ತಾಯಮ್ಮಕ್ಕ ಹಲಗೆಯ ಮುಂದೆ ಕೂತಿದ್ದರು. ಬಲ ಅಂಗೈಯಲ್ಲಿ ಬಿಳಿಚಿಕೊಂಡು ಮಿರುಗುವ ಒಂದು ಸುಟ್ಟ ಕಲೆ. ಭಾರವನ್ನೆಲ್ಲ ಎಡಗೈಗೆ ಕೊಟ್ಟು ಕಟ್ಟುತ್ತಿದ್ದರು. ನಾನು ನಿಂತು ಎಣಿಸಿದೆ. ಮೂರು ಸುತ್ತಿಗೆ ಆಗುತ್ತಿರಲಿಲ್ಲ, ಐದು, ಆರು.

"ಬನ್ನಿ ಸಾರ್, ಸೇಫ್ಟಿ ಟೋಪಿ ಆಕ್ಕಂಡ್ ಬಂದಿದ್ದೀರೇನೋ ಅನ್ಕಂಡೆ," ಎಂದು ನಕ್ಕರು.

ನಾನು ಏನೋ ದೊಡ್ಡದು ಮಾಡುವವನಂತೆ ಫೋನು ತೆಗೆದು ಆ ಫೋಟೋ ತೋರಿಸಿದೆ. ಅದರ ಒಂದು ಪ್ರತಿಯನ್ನು ಇಟ್ಟುಕೊಂಡಿದ್ದೆ, ಯಾಕೆಂದು ನನಗೇ ಗೊತ್ತಿರಲಿಲ್ಲ. ಕೈ ಒರೆಸಿಕೊಂಡು, ಫೋನನ್ನು ದೂರ ಹಿಡಿದು ಬಹಳ ಹೊತ್ತು ನೋಡಿದರು.

"ನೋಡಿ, ಆಕ್ಕಂಡಿವ್ನಿ," ಎಂದರು. ಆಮೇಲೆ ಮೆಲ್ಲಗೆ, "ಇದು ನಿಮ್ತಾವೇ ಇತ್ತಾ? ಅವತ್ತೇ ಯಾಕ್ ಸಾರ್ ಅವ್ರಿಗೆ ತೋರುಸ್ನಿಲ್ಲ?"

ನಾನು ಫೋನು ತೆಗೆದುಕೊಂಡು ಜೇಬಿಗೆ ಹಾಕಿಕೊಂಡೆ. ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಎಲೆಯ ಮೇಲೆ ಒಂದು ಮುದ್ದೆ ಇಟ್ಟು ನನ್ನ ಕೈಗೆ ಕೊಟ್ಟರು. "ಓಗ್ಲಿ ಬುಡಿ. ಉಣ್ಣೋಗಿ, ಆರೋಯ್ತದೆ."

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಅವರು ತೀರಿಕೊಂಡರೆಂದು ಕ್ಯಾಂಟೀನಿನ ಹೆಂಗಸರು ಹೇಳಿದರು. ನಾನು ಈಗಲೂ ಆರಕ್ಕೆ ಮನೆ ಬಿಡುತ್ತೇನೆ, ಅಂಕಣಗಳನ್ನು ತುಂಬುತ್ತೇನೆ, ಸಹಿ ಹಾಕುತ್ತೇನೆ. ಆ ನಮೂನೆಯನ್ನು ತಿದ್ದಬೇಕಾದರೆ ಗಾಯಗೊಂಡವರ ಒಪ್ಪಿಗೆಯ ಸಹಿ ಬೇಕಂತೆ, ವಿಚಾರಿಸಿದೆ. ಅಲ್ಲಿ ಆಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವತ್ತು ತಾಯಮ್ಮಕ್ಕ ಗ್ಲೌಸು ಹಾಕಿಕೊಂಡಿದ್ದರು. ಹಾಕಿಕೊಳ್ಳಿ ಎಂದವನು ನಾನು.