ಸೊರಬದಲ್ಲಿ ನನ್ನ ಮೈಕ್ ಪರೀಕ್ಷೆ

ಐವತ್ತರ ದಶಕ ಮುಗಿಯುತ್ತ ಬಂದಾಗ ನಾನು ಶಿಕಾರಿಪುರದ ಕಚೇರಿಯೊಂದರಲ್ಲಿ ನಕಲು ಬರೆಯುವ ಕೆಲಸ ಬಿಟ್ಟು, ಬಸ್ ನಿಲ್ದಾಣದ ಹತ್ತಿರದ ಮೈಕ್ ಸೆಟ್ ಅಂಗಡಿಗೆ ಕೆಲಸ ಕಲಿಯಲು ಸೇರಿದೆ. ವಯಸ್ಸು ಇಪ್ಪತ್ತೆಂಟು, ಮದುವೆಯಾಗಿತ್ತು. ಹೆಂಡತಿ ಒಪ್ಪಿದಳು. ಸೊರಬದಲ್ಲಿದ್ದ ಅವಳ ಅಪ್ಪ ಮಾತ್ರ, ಕುರ್ಚಿ ಬಿಟ್ಟು ಊರೂರಲ್ಲಿ ಕೂಗಿಸುವ ಕಸುಬು ಹಿಡಿದ ಅಳಿಯನ ಸುದ್ದಿ ಎತ್ತುವುದನ್ನೇ ನಿಲ್ಲಿಸಿದರು.

ಅಂಗಡಿಯ ಯಜಮಾನರನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಸೈನ್ಯದಲ್ಲಿ ವೈರ್‌ಲೆಸ್ ನೋಡಿಕೊಂಡಿದ್ದವರು. ಮೊದಲ ತಿಂಗಳು ಆಂಪ್ಲಿಫೈಯರ್ ಮುಟ್ಟಲು ಬಿಡಲಿಲ್ಲ. ಕಣ್ಣು ಮುಚ್ಚಿಸಿ ಬೆಂಚಿನ ಮೇಲೆ ಕೂರಿಸಿ, ಬರುತ್ತಿರುವ ಬಸ್ಸು ಯಾವುದೆಂದು ಸದ್ದಿನಲ್ಲೇ ಹೇಳಿಸುತ್ತಿದ್ದರು.

"ಯಂತ್ರ ಯಾರಾದ್ರೂ ಕಲೀತಾರ್ರೀ. ಮೊದ್ಲು ಕಿವಿ ತಯಾರ್ ಮಾಡ್ಕಳ್ರಿ."

ಮೈಕಿನ ಮುಂದೆ 'ಹಲೋ ಹಲೋ, ಒನ್ ಟೂ ತ್ರೀ' ಎಂದರೆ ಅವರಿಗೆ ಮೈ ಉರಿಯುತ್ತಿತ್ತು. 'ಪ' ಸಿಡಿಯುತ್ತದೆಯೇ, 'ಸ', 'ಶ' ಸೀಟಿ ಹೊಡೆಯುತ್ತವೆಯೇ ಎಂದು ತಿಳಿಯಲು ಆ ಅಕ್ಷರಗಳಿರುವ ಒಂದು ವಾಕ್ಯ ಬೇಕು, ನೀವೇ ಕಟ್ಟಿ ಎಂದರು. ನಾನು ಹೆಚ್ಚು ಯೋಚಿಸದೆ ಕಟ್ಟಿದೆ: "ಮಾವನ ಪಂಚೆ ಸಡಿಲ, ಶಾಸ್ತ್ರ ಬಿಗಿ." ಉಸ್ತಾದ್ ನಗಲಿಲ್ಲ. ಬೇಕಾದ ಅಕ್ಷರವೆಲ್ಲ ಇದೆ ಎಂದು ತಲೆಯಾಡಿಸಿದರು. ಆರು ತಿಂಗಳು ದಿನಕ್ಕೆ ಇಪ್ಪತ್ತು ಸಲ ಅದನ್ನೇ ಹೇಳಿದೆ. ದೇವರ ನಾಮಕ್ಕಿಂತ ಚೆನ್ನಾಗಿ ಬಾಯಿಗೆ ಕೂತಿತು.

ಕೊನೆಗೊಂದು ದಿನ ನನ್ನೊಬ್ಬನನ್ನೇ ಸೊರಬಕ್ಕೆ ಕಳಿಸಿದರು. ವಾಚನಾಲಯದ ಉದ್ಘಾಟನೆ. ಮರಕ್ಕೆ ದನಿ ಹೊರಡುವ ಹಾರ್ನ್ ಕಟ್ಟಿದೆ, ಬ್ಯಾಟರಿಗೆ ತಂತಿ ಕೊಟ್ಟೆ, ಆಂಪ್ಲಿಫೈಯರಿನ ವಾಲ್ವು ಬಿಸಿಯಾಗುವವರೆಗೆ ಕಾದೆ. ಮೈಕ್ ಹಿಡಿದದ್ದೇ ತಡ, ಬಾಯಿ ತನ್ನ ಪಾಡಿಗೆ ತಾನು ಇಡೀ ಪೇಟೆಗೆ ಸಾರಿತು: "ಮಾವನ ಪಂಚೆ ಸಡಿಲ, ಶಾಸ್ತ್ರ ಬಿಗಿ."

'ಸ' ಬಹಳ ಸ್ವಚ್ಛವಾಗಿ ಬಂತು.

ನಾನು ಯಾರ ಅಳಿಯನೆಂದು ಸೊರಬದಲ್ಲಿ ಗೊತ್ತಿಲ್ಲದವರಿರಲಿಲ್ಲ. ಕುರ್ಚಿ ಹೊತ್ತು ತರುತ್ತಿದ್ದವರು ಕುರ್ಚಿ ಕೆಳಗಿಟ್ಟು ನಕ್ಕರು. ಸ್ವಲ್ಪ ಹೊತ್ತಿಗೆ ಮಾವನೇ ಬಂದರು. ಅಂದಿನ ಸಭೆಗೆ ಅಧ್ಯಕ್ಷರು ಅವರೇ ಎಂದು ನನಗೆ ಯಾರೂ ಹೇಳಿರಲಿಲ್ಲ. ನೇರ ನನ್ನೆದುರು ನಿಂತರು. ಒಂದು ಕೈ ಪಂಚೆಯ ಗಂಟಿನ ಮೇಲಿತ್ತು.

"ಏನು ಅಳಿಯಂದ್ರೇ, ಇದನ್ನ ಕಲಿಯಕ್ಕೆ ಆರು ತಿಂಗ್ಳು ಬೇಕಾಯ್ತಾ?"

"ತಪ್ಪಾಯ್ತು ಮಾವ. ಮಾತಾಡುವಾಗ ಮೈಕಿಂದ ಒಂದು ಗೇಣು ಹಿಂದೆ ನಿಂತ್ಕಳಿ."

ಮಾವನದು ಸಣ್ಣ ದನಿ. ಯಾವ ಸಭೆಯಲ್ಲೂ ಅದು ಎರಡನೇ ಸಾಲು ದಾಟಿದ್ದಿಲ್ಲ. ಅವರು ಮಾತಿಗೆ ನಿಂತರೆ ಹಿಂದಿನವರು ಎಲೆಅಡಿಕೆ ಹಾಕಿಕೊಂಡು ಹರಟುವುದು ವಾಡಿಕೆ. ಅಂದು ಅವರು ಮಾತು ಶುರು ಮಾಡಿದಾಗ ನಾನು ದನಿಯ ಗುಂಡಿ ತಿರುಗಿಸುತ್ತ ಹೋಗಿ, ಇನ್ನು ಕೂದಲೆಳೆಯಷ್ಟು ತಿರುಗಿಸಿದರೆ ಹಾರ್ನ್ ಕಿರುಚುತ್ತದೆ ಎನ್ನುವಲ್ಲಿ ನಿಲ್ಲಿಸಿದೆ. ಕೊನೆಯ ಸಾಲಿನವರು ಹರಟೆ ಬಿಟ್ಟು ತಲೆಯೆತ್ತಿದರು. ಮಾವ ತಮ್ಮದೇ ದನಿಗೆ ಬೆಚ್ಚಿ ಒಂದು ಕ್ಷಣ ಸುಮ್ಮನಾದರು. ಆಮೇಲೆ ಸುಮ್ಮನಾಗಲೇ ಇಲ್ಲ. ಎರಡು ಗಂಟೆ ಮಾತಾಡಿದರು. ಉದ್ಘಾಟನೆಗೆ ಬಂದ ದೊಡ್ಡ ಮನುಷ್ಯರ ಭಾಷಣ ಜೇಬಿನಲ್ಲೇ ಉಳಿಯಿತು. ಬ್ಯಾಟರಿ ಸತ್ತದ್ದರಿಂದ ಸಭೆ ಮುಗಿಯಿತು.

ಮಾವನ ಮನೆಯಲ್ಲಿ ಊಟಕ್ಕೆ ಕೂತಾಗ ಅವರು ನನ್ನ ಮುಖ ನೋಡದೆ ಕೇಳಿದರು: "ಹಿಂದ್ಗಡೆಯೋರಿಗೂ ಕೇಳ್ತಾ?"

"ಬಸ್ ಸ್ಟ್ಯಾಂಡ್ ತನಕ ಕೇಳ್ತು, ಮಾವ."

ನನ್ನ ಎಲೆಗೆ ಇನ್ನೊಂದು ಸೌಟು ಪಾಯಸ ಹಾಕಿಸಿದರು.

ಶಿಕಾರಿಪುರಕ್ಕೆ ಬಂದು ಉಸ್ತಾದರಿಗೆ ಎಲ್ಲ ವರದಿ ಒಪ್ಪಿಸಿದೆ. ಅವರು ಕೇಳಿದ್ದು ಒಂದೇ, "ಹಾರ್ನು ಕಿರುಚ್ತಾ?" ಇಲ್ಲ ಎಂದೆ. "ಹಂಗಾರೆ ಪಾಸು, ನಡೀರಿ" ಎಂದರು.

ಅಲ್ಲಿಂದ ಮುಂದೆ ಸೊರಬದಲ್ಲಿ ಯಾವ ಸಭೆಯಿದ್ದರೂ ಮೈಕ್ ತರಬೇಕೆಂದು ಮಾವನದೇ ಕಾಗದ ಬರುತ್ತಿತ್ತು. ಅಧ್ಯಕ್ಷತೆ ಯಾರದ್ದೆಂದು ಅವರು ಬರೆಯುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ. ಎರಡು ಬ್ಯಾಟರಿ ಒಯ್ಯುತ್ತಿದ್ದೆ.