ಅಪ್ಪನ ಸಹಿ ನಡೆಯದ ದಿನ

ಪೀಣ್ಯದಲ್ಲಿ ಅಪ್ಪನದೊಂದು ಸಣ್ಣ ವರ್ಕ್‌ಶಾಪ್ ಇತ್ತು. ಎರಡು ಲೇತು, ಒಂದು ಡ್ರಿಲ್ಲಿಂಗ್ ಮೆಷಿನ್, ಆರು ಜನ ಕೆಲಸಗಾರರು. ದೊಡ್ಡ ಕಾರ್ಖಾನೆಯೊಂದಕ್ಕೆ ಬುಷ್, ಪಿನ್ನಿನಂಥ ಬಿಡಿಭಾಗ ಮಾಡಿಕೊಡುತ್ತಿದ್ದರು. ಎಂಬತ್ತರ ದಶಕದ ಮೊದಲಲ್ಲಿ ಆ ಕಾರ್ಖಾನೆಯಲ್ಲಿ ಮುಷ್ಕರವಾಗಿ ತಿಂಗಳುಗಟ್ಟಲೆ ಗೇಟು ತೆರೆಯಲಿಲ್ಲ. ಆರ್ಡರು ನಿಂತಿತು, ಬ್ಯಾಂಕಿನ ಕಂತು ನಿಲ್ಲಲಿಲ್ಲ. ಕೊನೆಗೆ ವಕೀಲರ ಮಾತಿನಂತೆ ಅಪ್ಪ ಕೋರ್ಟಿನಲ್ಲಿ ದಿವಾಳಿ ಅರ್ಜಿ ಹಾಕಿದರು. ಲೇತುಗಳು ಹರಾಜಾದವು. ಉಳಿದ ಸಾಲವನ್ನು ತಿಂಗಳು ತಿಂಗಳು ಕೋರ್ಟಿಗೆ ಕಟ್ಟಿ ತೀರಿಸಬೇಕೆಂದು ಒಪ್ಪಂದವಾಯಿತು. ಅಪ್ಪ ಇನ್ನೊಬ್ಬರ ಶೆಡ್ಡಿನಲ್ಲಿ ಸೂಪರ್‌ವೈಸರ್ ಆಗಿ ಸೇರಿಕೊಂಡರು.

ಅದೇ ವರ್ಷ ನನಗೆ ಸ್ವಿಚ್ಚು ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಸಂಬಳಕ್ಕೆ ಬ್ಯಾಂಕ್ ಖಾತೆ ತೆರೆಯಬೇಕು ಎಂದರು. ಆಗೆಲ್ಲ ಖಾತೆ ತೆರೆಯಲು ಆ ಬ್ಯಾಂಕಿನಲ್ಲಿ ಖಾತೆಯಿರುವ ಒಬ್ಬರು ‘ಇವರು ನನಗೆ ಗೊತ್ತು’ ಎಂದು ಸಹಿ ಹಾಕಬೇಕಿತ್ತು.

“ಬೇರೆಯವ್ರು ಯಾಕೆ? ನಾನೇ ಬರ್ತೀನಿ” ಎಂದರು ಅಪ್ಪ. ಎಷ್ಟೋ ದಿನಗಳ ಮೇಲೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ತಮ್ಮ ಆರೂ ಕೆಲಸಗಾರರ ಖಾತೆಗೆ ಸಹಿ ಹಾಕಿದವರು ಅವರೇ.

ಬ್ಯಾಂಕಿನಲ್ಲಿ ಗುಮಾಸ್ತರು ಫಾರಂ ನೋಡಿ, ಅಪ್ಪನ ಮುಖ ನೋಡಿ, ದನಿ ತಗ್ಗಿಸಿದರು. “ತಪ್ಪು ತಿಳ್ಕೋಬೇಡಿ ಸಾರ್. ನಿಮ್ಮ ಖಾತೆ ನಿಲ್ಸಿದಾರೆ. ನಿಮ್ಮ ಸಹಿ ನಡೆಯಲ್ಲ.”

“ಇದು ಮಗಳದ್ದು ಕಣ್ರೀ. ಅವಳ ಸಂಬಳ. ನನಗೂ ಅದಕ್ಕೂ ಸಂಬಂಧ ಇಲ್ಲ.”

“ಗೊತ್ತು ಸಾರ್. ಆದ್ರೂ ಬೇರೆ ಯಾರನ್ನಾದ್ರೂ ಕರ್ಕೊಂಡು ಬನ್ನಿ.”

ನಮ್ಮ ಹಿಂದೆ ನನ್ನ ಕಾರ್ಖಾನೆಯ ಇಬ್ಬರು ಹುಡುಗಿಯರು ನಿಂತಿದ್ದರು. ನಾನು ಅಪ್ಪನ ಪಕ್ಕದಿಂದ ಒಂದು ಹೆಜ್ಜೆ ಸರಿದು, ಗೋಡೆಯ ಮೇಲಿನ ನೋಟಿಸು ಓದುವವಳಂತೆ ನಿಂತೆ. ಅಪ್ಪ ನನ್ನತ್ತ ತಿರುಗಿ ನೋಡಿದರು. ಪೆನ್ನಿನ ಮುಚ್ಚಳ ಹಾಕಿದರು.

ಅಷ್ಟರಲ್ಲಿ ದುಡ್ಡು ತೆಗೆಯಲು ಬಂದ ಒಬ್ಬರು, “ಯಜಮಾನ್ರೇ, ಇದೇನ್ ಇಂಗ್ ನಿಂತಿದೀರಾ?” ಎಂದು ಹತ್ತಿರ ಬಂದರು. ನಮ್ಮ ವರ್ಕ್‌ಶಾಪಿನಲ್ಲಿ ಟರ್ನರ್ ಆಗಿದ್ದವರು. ಲೇತು ಹಿಡಿಯುವುದನ್ನು ಅಪ್ಪನೇ ಕಲಿಸಿದ್ದರು. ವಿಷಯ ತಿಳಿದು ಅವರು ಫಾರಂ ಎಳೆದುಕೊಂಡರು.

ಅಪ್ಪ ಅವರ ಕೈ ಹಿಡಿದರು. “ಬೇಡ ಕಣೋ. ನಿಂಗೇ ಇನ್ನೂ ಎರಡು ತಿಂಗಳ ಸಂಬಳ ಕೊಡಬೇಕು ನಾನು.”

“ಅದು ಕೋರ್ಟಲ್ಲಿ ಐತೆ, ಬಂದಾಗ ಬತ್ತದೆ. ಅದುಕ್ಕೂ ಈ ಮಗೀಗೂ ಏನ್ ಸಂಬಂಧ ಯಜಮಾನ್ರೇ?” ಎಂದು ನಿಧಾನವಾಗಿ, ಅಕ್ಷರ ಅಕ್ಷರ ಜೋಡಿಸಿ ಸಹಿ ಹಾಕಿದರು. ಅಪ್ಪ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು.

ಬಾಗಲಗುಂಟೆಯ ಮನೆಗೆ ನಡೆದೇ ಹೊರಟೆವು. ಅರ್ಧ ದಾರಿಯಲ್ಲಿ ಅಪ್ಪ ಕೇಳಿದರು: “ಆ ಹುಡುಗೀರು ನಿಮ್ಮ ಫ್ಯಾಕ್ಟರಿಯವರಾ?”

“ಹೂಂ ಅಪ್ಪ.”

“ಇನ್ಮೇಲೆ ಬ್ಯಾಂಕಿಗೆ ಅವರ ಜೊತೇಲೇ ಹೋಗಮ್ಮ.”

ಸಿಟ್ಟಿನಿಂದ ಹೇಳಿದ್ದಲ್ಲ. ಸಿಟ್ಟಾಗಿದ್ದರೆ ನನಗೆ ಸಲೀಸಾಗುತ್ತಿತ್ತು.

ಸಾಲ ತೀರಲು ಆರು ವರ್ಷ ಹಿಡಿಯಿತು. ಕಂತಿಗೆ ನನ್ನ ಸಂಬಳದಿಂದ ಒಂದಿಷ್ಟು ತೆಗೆದು ಕೊಟ್ಟರೆ ಅಪ್ಪ ಮೊದಮೊದಲು ಮುಟ್ಟುತ್ತಿರಲಿಲ್ಲ, ಅಮ್ಮನ ಕೈಯಿಂದ ಕೊಡಿಸುತ್ತಿದ್ದೆ. ಟರ್ನರಿಗೆ ಅವರ ಎರಡು ತಿಂಗಳ ಸಂಬಳವೂ ಸಿಕ್ಕಿತು. ಋಣಮುಕ್ತ ಎಂದು ಕೋರ್ಟಿನ ಆದೇಶ ಬಂದ ದಿನ ಅಮ್ಮ ಅದನ್ನು ದೇವರ ಮುಂದಿಟ್ಟು ಅತ್ತರು.

“ಈಗಲಾದ್ರೂ ಒಂದು ಖಾತೆ ಮಾಡ್ಸೋಣ ಅಪ್ಪ, ನಾನು ಸಹಿ ಹಾಕ್ತೀನಿ” ಎಂದೆ. ಅದರ ಜೊತೆಗೇ ಆವತ್ತು ದೂರ ಸರಿದು ನಿಂತದ್ದಕ್ಕೆ ಕ್ಷಮೆ ಕೇಳಬೇಕೆಂದಿದ್ದೆ.

“ಸಂಬಳ ಕೈಗೇ ಕೊಡ್ತಾರಲ್ಲಮ್ಮ, ಖಾತೆ ಯಾಕೆ?” ಎಂದು ಅಪ್ಪ ಚಪ್ಪಲಿ ಮೆಟ್ಟಿಕೊಂಡರು. ಸೆಕೆಂಡ್ ಶಿಫ್ಟಿಗೆ ಹೊತ್ತಾಗಿತ್ತು. ಭಾನುವಾರ ನಿಧಾನವಾಗಿ ಮಾತಾಡೋಣ ಎಂದುಕೊಂಡೆ. ಆಮೇಲೆ ಎಷ್ಟೋ ಭಾನುವಾರ ಬಂದವು, ಕ್ಷಮೆ ಕೇಳಲು ನನಗೆ ಮಾತ್ರ ಬಾಯಿ ಬರಲಿಲ್ಲ. ಮರುವರ್ಷ ಶೆಡ್ಡಿನಲ್ಲೇ ಎದೆನೋವು ಬಂದು ಅಪ್ಪ ತೀರಿಕೊಂಡರು.